ನೀರು ಸೋಸುವ ಎಳೆಗಳು ಏಕೆ ಕಟ್ಟಿಕೊಳ್ಳುತ್ತವೆ?



ಖಾನಾಪುರ, ಹಳಿಯಾಳ, ಜೋಯಿಡಾ ಕಡೆಯಿಂದ, ಇನ್ನೂ ದೂರದ ಬಾಗಲಕೋಟೆ, ಗದಗ, ವಿಜಯಪುರದಿಂದ ಗೋವಾಕ್ಕೆ ದುಡಿಯಲು ಬಂದ ನಮ್ಮ ಹುಡುಗರಲ್ಲಿ ಕೆಲವರು ಈಗ ಹೊಸದೊಂದು ಕೆಲಸ ಹಿಡಿದಿದ್ದಾರೆ. ಏನು ಮಾಡ್ತೀಯಪ್ಪಾ ಎಂದು ಕೇಳಿದರೆ ‘ಪ್ಲಾಂಟ್ ಆಪರೇಟರ್’ ಎನ್ನುತ್ತಾರೆ. ಹೋಟೆಲುಗಳ, ವಸತಿ ಸಂಕೀರ್ಣಗಳ ಹಿಂಬದಿಯಲ್ಲಿ, ಯಾರೂ ಹೋಗದ ಮೂಲೆಯಲ್ಲಿ ಒಂದು ತೊಟ್ಟಿ, ಎರಡು ಪಂಪು, ಗಾಳಿ ಊದುವ ಒಂದು ಯಂತ್ರ ಇರುತ್ತವೆ. ಅಡುಗೆಮನೆ, ಬಚ್ಚಲು, ಶೌಚಾಲಯಗಳಿಂದ ಬಂದ ಕೊಳಚೆ ನೀರು ಅಲ್ಲಿ ಶುದ್ಧವಾಗಿ ಹೂದೋಟಕ್ಕೆ, ಮತ್ತೆ ಶೌಚಾಲಯದ ಫ್ಲಶ್ಶಿಗೆ ಹೋಗುತ್ತದೆ. ಆ ತೊಟ್ಟಿಯ ಒಳಗೆ ಮುಳುಗಿಕೊಂಡು ನೀರು ಸೋಸುವ ಒಂದು ವಸ್ತುವಿನ ಬಗ್ಗೆ ನಿಮಗೆ ಹೇಳಬೇಕೆಂದಿದ್ದೇನೆ.

ನಾನು ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು, ಇಂಜಿನಿಯರ್ ಅಲ್ಲ. ನಿವೃತ್ತಿಯಾದ ಮೇಲೆ ನಾವಿರುವ ವಸತಿ ಸಂಕೀರ್ಣದ ಜಮಾಖರ್ಚು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ‘ಮೆಂಬ್ರೇನ್’ ಎಂಬ ಬಾಬಿಗೆ ಹೋಗುತ್ತಿದ್ದ ಹಣ ಕಂಡು ಇದೇನೆಂದು ಕೆದಕತೊಡಗಿದೆ. ಅದು ಕಟ್ಟಿಕೊಂಡಾಗಲೆಲ್ಲ ಗುತ್ತಿಗೆದಾರ ತಪ್ಪನ್ನು ಆಪರೇಟರ್ ಹುಡುಗನ ತಲೆಗೆ ಕಟ್ಟಿ ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದ. ಹುಡುಗ ನಮ್ಮ ಕಡೆಯವನೇ. ತಪ್ಪು ಯಾರದೆಂದು ತೀರ್ಮಾನಿಸುವ ಮೊದಲು ಕಟ್ಟಿಕೊಳ್ಳುವುದು ಎಂದರೇನು ಎಂಬುದು ಗೊತ್ತಾಗಬೇಕಲ್ಲ?

ನೀರನ್ನು ಅರಿವೆಯಲ್ಲಿ ಸೋಸುವುದು ನಮ್ಮ ತಾಯಂದಿರಿಗೆ ಹೊಸದಲ್ಲ. ಅದು ಬರೀ ಕಸ ತೆಗೆಯುವ ಪದ್ಧತಿ ಎಂದು ಓದಿದವರು ಹಗುರವಾಗಿ ಮಾತಾಡುತ್ತಿದ್ದರು. ಆದರೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಹಳೆಯ ಸೀರೆಯನ್ನು ನಾಲ್ಕು ಮಡಿಕೆಗಿಂತ ಕಡಿಮೆಯಾಗದಂತೆ ಮಡಿಸಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು 48 ಪ್ರತಿಶತ ಇಳಿದಿತ್ತು. ಕಾಲರಾ ರೋಗಾಣು ಸೀರೆಯ ರಂಧ್ರಕ್ಕಿಂತ ಬಹಳ ಚಿಕ್ಕದು. ಆದರೆ ಅದು ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡು ಬದುಕುತ್ತದೆ, ಹುಳು ಸೀರೆಯಲ್ಲಿ ನಿಂತರೆ ಅದೂ ನಿಲ್ಲುತ್ತದೆ.

ಈಗ ಸೀರೆಯ ಬದಲು, ರೋಗಾಣುವೇ ನುಸುಳಲಾರದಷ್ಟು ಸಣ್ಣ ರಂಧ್ರದ ಅರಿವೆ ಇದೆ ಎಂದುಕೊಳ್ಳಿ. ಅದೇ ಮೆಂಬ್ರೇನ್, ಅಂದರೆ ಪೊರೆ. ಅದನ್ನು ಅರಿವೆಯಂತೆ ಹಾಸದೆ ಟೊಳ್ಳು ಎಳೆಯಾಗಿ ಮಾಡಿದರೆ ಹಾಲೋ ಫೈಬರ್. ನೋಡಲು ಒಣ ಶ್ಯಾವಿಗೆಯಂತೆಯೇ, ಬೆಳ್ಳಗೆ, ಸುಮಾರು 2 ಮಿಲಿಮೀಟರ್ ದಪ್ಪ, ಎರಡು ಮೀಟರಿನಷ್ಟು ಉದ್ದ. ಒಳಗೆ ಮಾತ್ರ ಪೊಳ್ಳು. ಗೋಡೆಯ ಮೈತುಂಬ ರಂಧ್ರ. ಹೆಸರಾದ ಒಂದು ಬಗೆಯಲ್ಲಿ ರಂಧ್ರದ ಅಳತೆ 0.04 ಮೈಕ್ರಾನ್, ತಲೆಗೂದಲಿನ ದಪ್ಪದ ಸುಮಾರು ಎರಡು ಸಾವಿರದ ಒಂದು ಪಾಲು. ಇಂಥ ಸಾವಿರಾರು ಎಳೆಗಳ ತುದಿಗಳನ್ನು ಗಟ್ಟಿಯಾಗುವ ಅಂಟಿನಲ್ಲಿ ಹುಗಿದು, ಚೌಕಟ್ಟಿಗೆ ಕಟ್ಟಿ, ಕೊಳಚೆ ತೊಟ್ಟಿಯಲ್ಲೇ ಇಳಿಬಿಡುತ್ತಾರೆ. ಪಂಪು ಎಳೆಯ ಒಳಗಿನ ಪೊಳ್ಳಿನಿಂದ ಮೆಲ್ಲಗೆ ಹೀರುತ್ತದೆ. ನೀರು ಹೊರಗಿನಿಂದ ಒಳಕ್ಕೆ ಜಿನುಗುತ್ತದೆ, ಗಲೀಜು ಹೊರಗೇ ಉಳಿಯುತ್ತದೆ. ಎಳನೀರಿಗೆ ಕೊಳವೆ ಹಾಕಿ ಹೀರಿದಂತೆ, ಆದರೆ ಇಲ್ಲಿ ಕೊಳವೆಯ ತುದಿಯಿಂದಲ್ಲ, ಮೈಯಿಂದ.

ಗುಮಾಸ್ತನ ಚಾಳಿ, ಲೆಕ್ಕ ಹಾಕದೆ ಇರಲಾರೆ. ಇಂಥ 80 ಎಳೆ ಸೇರಿದರೆ ಒಂದು ಚದರ ಮೀಟರ್ ಮೈ ಆಗುತ್ತದೆ. ಕೊಳಚೆ ತೊಟ್ಟಿಯಲ್ಲಿ ಒಂದು ಚದರ ಮೀಟರಿನಿಂದ ತಾಸಿಗೆ ಸುಮಾರು 20 ಲೀಟರ್ ಎಳೆಯುವುದು ವಾಡಿಕೆ, ದಿನಕ್ಕೆ 480 ಲೀಟರ್. ದಿನಕ್ಕೆ ಒಂದು ಲಕ್ಷ ಲೀಟರ್ ಬೇಕೆಂದರೆ 208 ಚದರ ಮೀಟರ್, ಅಂದರೆ ಹದಿನಾರು ಸಾವಿರದ ಆರುನೂರಕ್ಕೂ ಹೆಚ್ಚು ಎಳೆ.

ಎಳೆಗಳನ್ನು ತೊಟ್ಟಿಯಲ್ಲೇ ಮುಳುಗಿಸುವ ಉಪಾಯವನ್ನು 1989ರಲ್ಲಿ ಜಪಾನಿನ ಕಾಜುವೊ ಯಾಮಾಮೊಟೊ ಮತ್ತು ಸಂಗಡಿಗರು ಪ್ರಕಟಿಸಿದರು. ಅದಕ್ಕೂ ಮೊದಲು ಪೊರೆಯನ್ನು ಹೊರಗಿಟ್ಟು, ಕೊಳಚೆಯನ್ನು ಜೋರಾದ ಒತ್ತಡದಲ್ಲಿ ಅದರ ಮೂಲಕ ತಳ್ಳುತ್ತಿದ್ದರು, ವಿದ್ಯುತ್ ವಿಪರೀತ ಬೇಕಿತ್ತು. 1993ರ ಹೊತ್ತಿಗೆ ಕೆನಡಾದ ಜೆನಾನ್ ಕಂಪನಿ ಮುಳುಗುವ ಎಳೆಗಳನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಳದ ನೀರಿನಿಂದಲೇ ಸುಮಾರು ನಾಲ್ಕು ಲಕ್ಷ ಜನ ಹೊಟ್ಟೆಕೆಟ್ಟು ಮಲಗಿದರು. ಕ್ಲೋರಿನ್ನಿಗೆ ಸಾಯದ ಒಂದು ಸೂಕ್ಷ್ಮಜೀವಿ ಮರಳಿನ ಹಾಸನ್ನು ದಾಟಿ ಬಂದಿತ್ತು. ಅಂದಿನಿಂದ ಕುಡಿಯುವ ನೀರಿಗೂ ಪೊರೆ ಬೇಕೆಂಬ ಮಾತು ಬಲವಾಯಿತು.

ನಮ್ಮ ಕಡೆಯ ವಿಷಯ ಹೇಳುವುದಾದರೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಜಲಮಂಡಳಿ ದಿನಕ್ಕೆ 15 ಲಕ್ಷ ಲೀಟರಿನ ಒಂದು ಘಟಕವನ್ನು ಪೊರೆಯ ಪದ್ಧತಿಯಲ್ಲೇ ಕಟ್ಟಿಸಿತು. ಪಣಜಿಯ ಟೊಂಕಾದಲ್ಲಿ ಕಟ್ಟಿದ 1 ಕೋಟಿ 25 ಲಕ್ಷ ಲೀಟರಿನ ಘಟಕ ಹಾಗಲ್ಲ. ಅಲ್ಲಿ ಒಂದೇ ತೊಟ್ಟಿಯಲ್ಲಿ ಸರದಿಯಂತೆ ಗಾಳಿ ಊದಿ, ಕೆಸರು ತಳಕ್ಕೆ ಕೂರಿಸಿ, ಮೇಲಿನ ತಿಳಿ ತೆಗೆಯುವ ಪದ್ಧತಿ. ಕೆಸರು ಕೂರಲು ಜಾಗ ಬೇಕು, ಹೊತ್ತು ಬೇಕು. ಎಳೆಗಳಿದ್ದರೆ ಕೂರಿಸುವ ಗೊಡವೆಯೇ ಇಲ್ಲ. ಅಂಗುಲ ಜಾಗಕ್ಕೂ ಬೆಲೆಯಿರುವ ಕಡಲತೀರದಲ್ಲಿ ಹೋಟೆಲಿನವರು ಎಳೆಗಳಿಗೆ ಮನಸೋಲುವುದು ಅದಕ್ಕೇ.

ಇನ್ನು ಕಟ್ಟಿಕೊಳ್ಳುವ ವಿಚಾರ. ಇಂಗ್ಲಿಷಿನಲ್ಲಿ ಇದಕ್ಕೆ ಫೌಲಿಂಗ್ ಎನ್ನುತ್ತಾರೆ. ಕೆಸರು ಹೆಚ್ಚಾದಷ್ಟೂ ಹೆಚ್ಚು ಕಟ್ಟಿಕೊಳ್ಳುತ್ತದೆ ಎಂದು ನಮಗೆ ತೋರುವುದು ಸಹಜ. ಆದರೆ ಸಂಗತಿ ಹೆಚ್ಚುಕಡಿಮೆ ತಿರುವುಮುರುವಾಗಿದೆ. ಕಾಳು ಹಸನು ಮಾಡುವ ತಾಯಂದಿರನ್ನು ಕೇಳಿ, ಜರಡಿಯ ಕಣ್ಣಿಗಿಂತ ದೊಡ್ಡ ಕಲ್ಲು ಜರಡಿಯನ್ನು ಕೆಡಿಸುವುದಿಲ್ಲ, ಒಮ್ಮೆ ಕೊಡವಿದರೆ ಹೋಯಿತು. ಕಣ್ಣಿನಷ್ಟೇ ಅಳತೆಯ ನುಚ್ಚು ಮಾತ್ರ ಸಿಕ್ಕಿಕೊಂಡು ಕೂರುತ್ತದೆ. ಮಳೆಗಾಲದ ಕೆಂಪು ರಾಡಿಯ ಮಣ್ಣಿನ ಕಣ ಎಳೆಯ ರಂಧ್ರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದು ಎಳೆಯ ಮೇಲೆ ಸಡಿಲವಾದ ಪದರವಾಗಿ ಕೂತು, ಗಾಳಿಯ ಗುಳ್ಳೆ ತಾಗಿದರೆ ಉದುರುತ್ತದೆ. ಕಣ್ಣಿಗೆ ತಿಳಿಯಾಗಿ ಕಾಣುವ, ಚಹದ ತೆಳು ಬಣ್ಣದ ಕಾಡುನೀರೇ ಹೆಚ್ಚು ಹಟಮಾರಿ. ಕೊಳೆತ ಎಲೆಯಿಂದ ಇಳಿದ ರಸ ರಂಧ್ರದ ಒಳಗೋಡೆಗೇ ಅಂಟುತ್ತದೆ, ಅಂಟಿ ಕಣ್ಣನ್ನು ಕಿರಿದು ಮಾಡುತ್ತದೆ.

ಗೋವಾದ ನೀರಿನಲ್ಲಿ ಇವೆರಡೂ ಇವೆ, ಮೂರನೆಯದೂ ಇದೆ. ಖಾಂಡೇಪಾರ್ ನದಿಯಿಂದ ಎತ್ತಿದ ನೀರನ್ನು ಓಪಾದಲ್ಲಿ ಶುದ್ಧ ಮಾಡಿ ಪಣಜಿ, ಫೋಂಡಾ ಕಡೆಗೆ ಬಿಡುತ್ತಾರಲ್ಲ, ಆ ನದಿಗೆ ಘಟ್ಟದ ಕಾಡಿನ ನೀರು ಬರುತ್ತದೆ. ಗೋವಾದ ಮಣ್ಣು ಕಬ್ಬಿಣದ ಅಂಶದ ಕೆಂಪು ಮಣ್ಣು. ಸಾಂಗೆ, ಡಿಚೋಲಿ ಕಡೆ ಅದಿರಿನ ಗಣಿಗಳಿದ್ದ ಕಾಲದಲ್ಲಿ ಹೂಳು ಹೊಳೆಗೆ, ಗದ್ದೆಗೆ ಹರಿದದ್ದನ್ನು ಅಲ್ಲಿಯ ರೈತರು ಮರೆತಿಲ್ಲ. 2012ರಲ್ಲಿ ಗಣಿಗಾರಿಕೆ ನಿಂತದ್ದು, ಮತ್ತೆ ಶುರುವಾಗಿ 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಮತ್ತೆ ನಿಂತದ್ದು ನಿಮಗೆ ಗೊತ್ತಿದೆ. ಕಬ್ಬಿಣವೂ ಮ್ಯಾಂಗನೀಸೂ ನೀರಿನಲ್ಲಿ ಕರಗಿರುವಾಗ ಕಾಣುವುದಿಲ್ಲ. ಬೋರಿನ ನೀರು ತಂದ ಕೊಡದಲ್ಲಿ ಮರುದಿನ ತುಕ್ಕಿನ ಬಣ್ಣದ ಗಸಿ ಕೂತದ್ದನ್ನು ನೋಡಿದ್ದೀರಲ್ಲ, ಅದೇ ಆಟ ಎಳೆಯ ಮೇಲೂ ನಡೆಯುತ್ತದೆ. ಕಬ್ಬಿಣ ಕಂದು ಬಣ್ಣಕ್ಕೆ, ಮ್ಯಾಂಗನೀಸು ಕಪ್ಪಗೆ. ಅಂಥ ನೀರನ್ನು ಎಳೆಗೆ ಬಿಡುವ ಮೊದಲು ಪಟಿಕ ಹಾಕಿ ಗಸಿ ಕೂರಿಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಪಟಿಕ ಎಂದರೆ ನಮ್ಮ ಮರಾಠಿ ನೆರೆಯವರು ತುರಟಿ ಎನ್ನುವ ಅದೇ ವಸ್ತು.

ಕೊಳಚೆ ತೊಟ್ಟಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಗಲೀಜನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳೇ ಕೆಲಸಗಾರರು. ಅವು ಮೈಸುತ್ತ ಬೆಂಡೆಕಾಯಿಯ ಲೋಳೆಯಂಥ ಒಂದು ಲೋಳೆ ಬಿಡುತ್ತವೆ. ಕೆರೆಯ ಮೆಟ್ಟಿಲಿಗೆ ಅಂಟಿ ನಮ್ಮನ್ನು ಜಾರಿಸುವ ಲೋಳೆಯ ಜಾತಿಯದೇ. ಎಳೆ ಕಟ್ಟಿಕೊಳ್ಳಲು ಮುಖ್ಯ ಕಾರಣ ಇದು. ಆ ಜೀವಿಗಳಿಗೆ ಗಾಳಿ ಸಾಲದಿದ್ದರೆ, ಅಡುಗೆಮನೆಯಿಂದ ಒಮ್ಮೆಲೇ ಎಣ್ಣೆ ಜಿಡ್ಡು ಬಂದರೆ, ಬಚ್ಚಲು ತೊಳೆಯುವ ಔಷಧಿ ಸುರಿದರೆ ಲೋಳೆ ಇನ್ನೂ ಹೆಚ್ಚುತ್ತದೆ. ಕೂದಲು, ಹತ್ತಿಯ ನಾರು ಎಳೆಗಳಿಗೆ ಸುತ್ತಿ ಜಡೆ ಹೆಣೆದುಬಿಡುತ್ತವೆ. ಇದಕ್ಕೆ ಔಷಧಿ ಇಲ್ಲ, ಬರುವ ದಾರಿಯಲ್ಲೇ ಒಂದೆರಡು ಮಿಲಿಮೀಟರ್ ಕಣ್ಣಿನ ಜಾಳಿಗೆ ಇಟ್ಟು ತಡೆಯಬೇಕು. ಜಾಳಿಗೆಯ ಕಸ ತೆಗೆಯುವುದು ಹೊಲಸು ಕೆಲಸ, ಹಾಗಾಗಿ ಮೊದಲು ತಪ್ಪುವುದೂ ಅದೇ.

ಈಗ ನಮ್ಮ ಹುಡುಗನ ಪಗಾರಕ್ಕೆ ಬರೋಣ. ತೊಟ್ಟಿಯ ಪಕ್ಕ ಒಂದು ಗಡಿಯಾರದಂಥ ಮಾಪಕ ಇರುತ್ತದೆ. ಪಂಪು ಎಷ್ಟು ಜೋರಾಗಿ ಹೀರಬೇಕಾಗಿದೆ ಎಂಬುದನ್ನು ಅದರ ಮುಳ್ಳು ತೋರಿಸುತ್ತದೆ. ಎಳೆ ಕಟ್ಟಿಕೊಂಡಷ್ಟೂ ಮುಳ್ಳು ಏರುತ್ತದೆ. ಒಂದು ದಿನ ಹುಡುಗ ಓಡಿ ಬಂದ.

‘ಕಾಕಾ, ನಿನ್ನಿ ತನಕ ಮುಳ್ಳು ಹೆಚ್ಚುಕಡಿಮಿ ಒಂದ ಕಡೆ ನಿಂತಿತ್ರಿ. ಇವತ್ತ ಮುಂಜಾನೆ ನೋಡಿದರ ಏರಿಬಿಟ್ಟೈತಿ. ನಾ ಏನೂ ಮುಟ್ಟಿಲ್ರಿ.’

‘ವಹಿ ತಗೊಂಡು ಬಾ ತಮ್ಮಾ. ಎರಡು ತಿಂಗಳದ್ದು ತಾ’ ಎಂದೆ.

ವಹಿ ನೋಡಿದರೆ ಅವನ ಮಾತು ನಿಜ. ಎಂಟು ವಾರ ಮುಳ್ಳು ಕೂದಲೆಳೆಯಷ್ಟು ಏರುತ್ತ ಬಂದಿತ್ತು. ಕೊನೆಯ ಎರಡು ದಿನ ಗುಡ್ಡ ಹತ್ತಿದಂತೆ. ಇದು ಅವನೊಬ್ಬನ ತೊಟ್ಟಿಯ ವಿಚಿತ್ರವಲ್ಲ. ಎಳೆಗಳ ಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಇದೆ, ಒತ್ತಡದ ಜಿಗಿತ ಎಂದು. ಏಕೆ ಹೀಗೆ ಎಂಬುದನ್ನು ಆಸ್ಟ್ರೇಲಿಯಾದ ಚೋ ಮತ್ತು ಫೇನ್ ಎಂಬ ಸಂಶೋಧಕರು 2002ರಲ್ಲಿ ವಿವರಿಸಿದರು. ಅದನ್ನು ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳುತ್ತೇನೆ.

ಬ್ಯಾಂಕಿನಲ್ಲಿ ನಾಲ್ಕು ಕೌಂಟರ್ ಇವೆ, ತಾಸಿಗೆ 80 ಗಿರಾಕಿಗಳು ಬರುತ್ತಾರೆ. ಒಬ್ಬೊಬ್ಬ ಗುಮಾಸ್ತನಿಗೆ 20 ಜನ, ನಿಭಾಯಿಸಬಹುದು. ಒಬ್ಬ ರಜೆ ಹಾಕಿದ. ಬರುವವರು ಕಡಿಮೆಯಾಗಲಿಲ್ಲ, ಉಳಿದ ಮೂವರಿಗೆ ತಲಾ 26, 27 ಜನ. ಕೌಂಟರ್ ಮುಚ್ಚಿದ್ದು ಹೊರಗಿನವರಿಗೆ ತಿಳಿಯುವುದೂ ಇಲ್ಲ. ಹೆಚ್ಚಿನ ದುಡಿತಕ್ಕೆ ಇನ್ನೊಬ್ಬ ಸುಸ್ತಾಗಿ ಎದ್ದು ಹೋದ, ಉಳಿದ ಇಬ್ಬರಿಗೆ ತಲಾ 40. ಅವರು ಮಧ್ಯಾಹ್ನದವರೆಗೂ ತಾಳುವುದಿಲ್ಲ. ಮೊದಲನೆಯವನು ಹೋಗಲು ತಿಂಗಳು ಹಿಡಿದಿರಬಹುದು, ಕೊನೆಯ ಇಬ್ಬರು ಒಂದೇ ದಿನ ಬೀಳುತ್ತಾರೆ. ಎಳೆಯ ಮೇಲಿನ ರಂಧ್ರಗಳೂ ಹೀಗೆಯೇ. ದಿನದ ನೀರು ಇಷ್ಟೇ ಬರಬೇಕೆಂದು ಪಂಪಿಗೆ ಅಪ್ಪಣೆಯಾಗಿದೆ. ಕೆಲವು ರಂಧ್ರ ಮುಚ್ಚಿದರೆ ಉಳಿದವುಗಳಲ್ಲಿ ನೀರು ಇನ್ನೂ ಜೋರಾಗಿ ನುಗ್ಗುತ್ತದೆ, ಜೋರು ಹೆಚ್ಚಾದಷ್ಟೂ ಗಲೀಜು ಅಲ್ಲಿ ಒತ್ತಿ ಕೂರುತ್ತದೆ. ಇದೂ ಮೊದಲು ಶುರುವಾಗುವುದು ಪಂಪಿಗೆ ಹತ್ತಿರವಿರುವ ತುದಿಯಲ್ಲಿ, ಏಕೆಂದರೆ ಹೀರುವ ಬಲ ಅಲ್ಲಿ ಹೆಚ್ಚು.

ಮುಳ್ಳು ಜಿಗಿದ ದಿನ ಕೆಲಸದಲ್ಲಿದ್ದವನ ಮೇಲೆ ತಪ್ಪು ಹೊರಿಸುವುದು ಕೊನೆಯ ಗುಮಾಸ್ತನ ಮೇಲೆ ಬ್ಯಾಂಕ್ ಮುಚ್ಚಿದ ಆರೋಪ ಹೊರಿಸಿದಂತೆ. ನಮ್ಮ ವಹಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಟ್ಯಾಂಕರಿನ ಖರ್ಚು ಉಳಿಸಲು ದಿನಕ್ಕೆ ಹೆಚ್ಚು ನೀರು ತೆಗೆಯಬೇಕೆಂದು ಎರಡು ತಿಂಗಳ ಹಿಂದೆ ಮೇಲಿನಿಂದ ಅಪ್ಪಣೆಯಾಗಿತ್ತು. ಇಂಗ್ಲೆಂಡಿನ ಬಾತ್ ನಗರದ ರಾಬರ್ಟ್ ಫೀಲ್ಡ್ ಮತ್ತು ಸಂಗಡಿಗರು 1995ರಲ್ಲೇ ಹೇಳಿದ್ದಾರೆ, ಪ್ರತಿ ಎಳೆಗೂ ಒಂದು ಮಿತಿ ಇದೆ, ಅದರೊಳಗೆ ಎಳೆದರೆ ಕಟ್ಟಿಕೊಳ್ಳುವುದು ಬಹಳ ನಿಧಾನ, ದಾಟಿದರೆ ಬೇಗ. ನಾನು ಆ ಎರಡು ತಿಂಗಳ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಕೀರ್ಣದ ಸಭೆಯಲ್ಲಿ ಇಟ್ಟೆ. ಹುಡುಗನಿಂದ ಹಿಡಿದ ಹಣ ವಾಪಸು ಬಂತು. ಟ್ಯಾಂಕರೂ ವಾರಕ್ಕೆರಡು ಬಾರಿ ವಾಪಸು ಬಂತು, ಅದನ್ನೂ ಹೇಳಬೇಕು.

ಹಾಗಾದರೆ ಕಟ್ಟಿಕೊಂಡ ಮೇಲೆ ಪಂಪಿನ ಬಲ ಹೆಚ್ಚಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಬಾವಿಯ ದಂಡೆಯ ಮೇಲಿಟ್ಟ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಎಳೆಯುವುದಿಲ್ಲ ಎಂದು ರೈತರಿಗೆ ಗೊತ್ತು. ಹೀರುವುದು ಎಂದರೆ ನಿಜಕ್ಕೂ ಹೊರಗಿನ ಗಾಳಿಯ ಭಾರ ನೀರನ್ನು ತಳ್ಳುವುದು, ಅದರ ಬಲಕ್ಕೆ ಮಿತಿ ಇದೆ. ಮುಳುಗಿದ ಎಳೆಗೂ ಅದೇ ಮಿತಿ. ಅದಕ್ಕೂ ಬಹಳ ಮುಂಚೆ, ಒತ್ತಿದ ಕೆಸರು ರೊಟ್ಟಿಯಂತೆ ಗಟ್ಟಿಯಾಗಿ ಇನ್ನೂ ಕಡಿಮೆ ನೀರು ಬಿಡುತ್ತದೆ.

ಮದ್ದು ಬೇರೆ. ಕೆಳಗಿನಿಂದ ದೊಡ್ಡ ಗುಳ್ಳೆಗಳ ಗಾಳಿ ಬಿಟ್ಟು ಎಳೆಗಳನ್ನು ತೂಗಾಡಿಸುವುದು ಮೊದಲನೆಯದು. ವಿದ್ಯುತ್ ಬಿಲ್ಲಿನಲ್ಲಿ ದೊಡ್ಡ ಪಾಲು ಇದರದೇ, ಅದಕ್ಕೇ ಕೆಲವು ಕಡೆ ಗಾಳಿ ನಿಲ್ಲಿಸಿ ಹೀರುವುದನ್ನು ಮಾತ್ರ ನಡೆಸುತ್ತಾರೆ. ಅದು ಉಳಿತಾಯವಲ್ಲ, ಬಡ್ಡಿಗೆ ತಂದ ಸಾಲ. ಎರಡನೆಯದು ವಿಶ್ರಾಂತಿ. ಒಂಬತ್ತು ನಿಮಿಷ ಹೀರಿ ಒಂದು ನಿಮಿಷ ಬಿಡುವುದು, ಅಥವಾ ಶುದ್ಧ ನೀರನ್ನು ಒಳಗಿನಿಂದ ಹೊರಕ್ಕೆ ಹಿಮ್ಮುಖವಾಗಿ ತಳ್ಳುವುದು. ಇಷ್ಟಕ್ಕೇ ಹೋಗುವ ಗಲೀಜನ್ನು ನಾನು ಸುಸ್ತಿ ಬಾಕಿ ಎನ್ನುತ್ತೇನೆ, ಒಂದು ನೋಟೀಸಿಗೆ ವಸೂಲಾಗುವಂಥದು. ಹೋಗದೆ ಉಳಿದದ್ದಕ್ಕೆ ಔಷಧಿ ಬೇಕು. ಲೋಳೆಗೆ, ಎಲೆರಸಕ್ಕೆ ಬ್ಲೀಚಿನ ದ್ರಾವಣ, ಕಬ್ಬಿಣ ಮತ್ತು ಸುಣ್ಣದ ಕಲೆಗೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆಹುಳಿಯ ಸತ್ವ. ವಾರಕ್ಕೊಮ್ಮೆ ತೆಳುವಾಗಿ, ವರ್ಷಕ್ಕೆ ಒಂದೆರಡು ಬಾರಿ ಗಟ್ಟಿಯಾಗಿ ನೆನೆಹಾಕುವುದು ರೂಢಿ. ಇದಕ್ಕೂ ಬಗ್ಗದ್ದು ಮುಳುಗಿದ ಸಾಲ. ಅದು ವರ್ಷದಿಂದ ವರ್ಷಕ್ಕೆ ಬೆಳೆದು, ಕೊನೆಗೆ ಎಳೆಗಳನ್ನೇ ಬದಲಾಯಿಸಬೇಕಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬಾಳುತ್ತವೆ.

ಇಲ್ಲಿ ಒಂದು ಮಾತನ್ನು ದಯವಿಟ್ಟು ನಿಮ್ಮ ಮನೆಯ ಹುಡುಗರಿಗೆ ಓದಿ ಹೇಳಿ, ಬೇಕಾದರೆ ಮರಾಠಿಯಲ್ಲಿ, ಕೊಂಕಣಿಯಲ್ಲಿ ಹೇಳಿ. ಬ್ಲೀಚ್ ದ್ರಾವಣ ಮತ್ತು ಆಮ್ಲ ಎಂದಿಗೂ ಒಂದೇ ಬಕೇಟಿನಲ್ಲಿ, ಒಂದೇ ತೊಟ್ಟಿಯಲ್ಲಿ ಕೂಡಬಾರದು. ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಭಾರವಾದ್ದರಿಂದ ಅದು ತಗ್ಗಿನಲ್ಲಿ, ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಒಂದರಿಂದ ತೊಳೆದ ಮೇಲೆ ಬರೀ ನೀರಿನಿಂದ ಚೆನ್ನಾಗಿ ತೊಳೆದು ಆಮೇಲೆ ಇನ್ನೊಂದು. ಎಳೆ ಬಿಡಿಸಲೆಂದು ಖಾಲಿ ತೊಟ್ಟಿಗೆ ಒಬ್ಬನೇ ಇಳಿಯುವುದೂ ಬೇಡ. ಕೊಳಚೆಯ ಅನಿಲ ಮೊದಲು ಮೂಗಿನ ವಾಸನಾಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ಇಲ್ಲವೆಂದರೆ ಅಪಾಯ ಇಲ್ಲವೆಂದು ಅರ್ಥವಲ್ಲ. ಮಾಲೀಕ ಎಷ್ಟೇ ಅವಸರ ಮಾಡಲಿ, ಇಳಿಯುವುದಿಲ್ಲ ಎಂದು ಹೇಳುವ ಹಕ್ಕು ಹುಡುಗನಿಗಿದೆ.

ಬ್ಲೀಚಿನ ಬಗ್ಗೆ ಇನ್ನೂ ಎರಡು ಮಾತು. ಮ್ಯಾಂಗನೀಸು ಕರಗಿರುವ ನೀರಿಗೆ ಬ್ಲೀಚ್ ಹಾಕಿದರೆ ಅದು ಕಪ್ಪಗೆ ಹೆಪ್ಪಾಗಿ ಎಳೆಯನ್ನು ಇನ್ನಷ್ಟು ಕಟ್ಟುತ್ತದೆ. ಆದ್ದರಿಂದ ನೀರಿನ ಗುಣ ತಿಳಿಯದೆ ಔಷಧಿ ಸುರಿಯಬಾರದು. ಪದೇಪದೇ ಗಟ್ಟಿ ಬ್ಲೀಚಿನಲ್ಲಿ ನೆನೆಹಾಕಿದ ಎಳೆ ಸವೆದು, ಒಂದು ದಿನ ತುಂಡಾಗುತ್ತದೆ. ಕಟ್ಟಿಕೊಂಡ ಎಳೆಯಿಂದ ನೀರು ಕಡಿಮೆ ಬರಬಹುದು, ಆದರೆ ಗಲೀಜು ದಾಟಿ ಬರುವುದಿಲ್ಲ. ಮೇಲೆ ಕೂತ ಪದರ ತಾನೂ ಒಂದು ಸೋಸುಕದಂತೆ ಕೆಲಸ ಮಾಡುತ್ತದೆ. ತುಂಡಾದ ಎಳೆಯಿಂದ ಮಾತ್ರ ಕೊಳಚೆ ನೇರವಾಗಿ ಒಳಗೆ ಹೋಗುತ್ತದೆ. ಎಳೆ ಸರಿಯಿದ್ದಾಗಲೂ ಈ ನೀರು ತೋಟಕ್ಕೆ, ಫ್ಲಶ್ಶಿಗೆ ಮಾತ್ರ. ಕರಗಿದ ಲವಣ, ಔಷಧಿಯ ಅಂಶ, ಅತಿ ಚಿಕ್ಕ ವೈರಸ್ಸುಗಳಲ್ಲಿ ಕೆಲವು ರಂಧ್ರ ದಾಟಬಲ್ಲವು, ಕುಡಿಯುವ ಸಾಹಸ ಬೇಡ.

ಹದಿನಾರು ಸಾವಿರ ಎಳೆಗಳಲ್ಲಿ ತುಂಡಾದದ್ದನ್ನು ಹುಡುಕುವುದು ಹೇಗೆ? ಸೈಕಲ್ಲಿನ ಟ್ಯೂಬನ್ನು ಬಕೇಟಿನ ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುವುದನ್ನು ನೋಡಿದ್ದೀರಲ್ಲ, ಅದೇ ಉಪಾಯ. ಚೌಕಟ್ಟನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ಎಳೆಗಳ ಒಳಗೆ ಹಗುರವಾಗಿ ಗಾಳಿ ತುಂಬುತ್ತಾರೆ. ಸರಿಯಿರುವ ಎಳೆಯ ರಂಧ್ರಗಳಲ್ಲಿ ನೀರು ಹಿಡಿದು ನಿಂತಿರುವುದರಿಂದ ಗಾಳಿ ಹೊರಗೆ ಬರಲಾರದು. ತುಂಡಾದಲ್ಲಿ ಮಾತ್ರ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಆ ಎಳೆಯ ತುದಿಗೆ ಅಂಟು ಹಾಕಿ, ಇಲ್ಲವೇ ಸಣ್ಣ ಬೆಣೆ ಬಡಿದು ಮುಚ್ಚಿ, ಚೌಕಟ್ಟನ್ನು ಮತ್ತೆ ತೊಟ್ಟಿಗೆ ಇಳಿಸುತ್ತಾರೆ.